ಬಡೇಸೋಪಿನ ಮಾವು ಕಟ್ಟಿದ ಮಳೆಗಾಲ

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ಊಟ ಮುಗಿಸಿ, ಕೈ ತೊಳೆದುಕೊಂಡು, ಬಾಗಿಲ ಬಳಿಯ ತಟ್ಟೆಯಿಂದ ಒಂದು ಮುಷ್ಟಿ ಬಡೇಸೋಪು ಬಾಯಿಗೆ ಹಾಕಿಕೊಂಡಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ನೀಲವ್ವನ ಫೋನು ಬಂತು.

"ಏನ್ರಿ, ಹಣ್ಣು ಬಿದ್ದದ."

"ಯಾವ ಹಣ್ಣು?"

"ಯಾವ ಹಣ್ಣಂತ ಕೇಳ್ತೀರಲ್ಲ! ನಮ್ಮ ಹಿತ್ತಲದಾಗಿನ ಗಿಡದ್ದು. ಇದ್ದದ್ದೇ ಮೂರು, ಅದ್ರಾಗ ಒಂದು ತಾನಾಗೇ ಕಳಚಿ ಬಿದ್ದದ. ಚಾಚಿ ಉಡಿಯಾಗ ಹಾಕ್ಕೊಂಡು ಕುಂತಾಳ. ನನಗ ಮೂಸಾಕ ಸುದ್ದ ಕೊಡವಲ್ಲಳು. ಕಟ್ಟಿದಾವ ಬರಲಿ, ಅವನೇ ಹೇಳಲಿ ಅಂತಾಳ."

ಚಾಚಿ ಅಂದರೆ ನಮ್ಮ ಗೋಡೆಯ ಆಚೆಯ ಮನೆಯ ಖತೂನಬಿ. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಆಕೆಯ ಮೂಗಿನ ಶಕ್ತಿಯನ್ನು ತಗೊಂಡು ಹೋಯಿತು. ಒಲೆಯ ಮೇಲೆ ಒಗ್ಗರಣೆ ಸೀದು ಕರಿಯಾದರೂ ಆಕೆಗೆ ತಿಳಿಯುವುದಿಲ್ಲ. ಹಾಗಾಗಿ ಆ ಹಣ್ಣು ನಾವು ಕಾಯುತ್ತಿದ್ದದ್ದು ಹೌದೋ ಅಲ್ಲವೋ ಎಂದು ಮೂಸಿ ಹೇಳಬೇಕಾದವನು ನಾನು.

ಶಹಾಪುರದ ಕೆಲಸವನ್ನು ಆಳುಗಳಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಕಿಟಕಿಯ ಆಚೆ ಗುಡ್ಡ ಮಲಗಿದ ಮನುಷ್ಯನ ಹಾಗೆ ಬಿಸಿಲಿಗೆ ಮೈ ಚಾಚಿತ್ತು. ಬಾಯಿಯ ಬಡೇಸೋಪಿನ ತಂಪು ಸಿಹಿ ವಾಸನೆ ಮೂಗಿನ ಹಿಂದಿನಿಂದ ತಲೆಗೆ ಏರಿತು. ಕಣ್ಣು ತಾನಾಗಿ ಮುಚ್ಚಿತು. ಹೊರಗೆ ಬೇಸಿಗೆಯ ಉರಿ. ನನ್ನ ಒಳಗೆ ಮಾತ್ರ ಮಳೆ ಹನಿಯತೊಡಗಿತು. ಆರು ವರ್ಷದ ಹಿಂದಿನ ಮಳೆ.

ನಾನು ಗೌಂಡಿ. ಐದನೇ ಇಯತ್ತೆಗೆ ಶಾಲೆ ಬಿಟ್ಟು ಕಲ್ಲು ಹೊತ್ತವನು, ಆಮೇಲೆ ಕರಣಿ ಹಿಡಿದವನು. ಸುರಪುರದ ಮಗ್ಗುಲಿನ ನಮ್ಮ ರಂಗಂಪೇಟೆಯಲ್ಲಿ ನಾನು ಕಟ್ಟಿದ ಯಾವ ಗೋಡೆಗಾದರೂ ದಾರ ಬಿಟ್ಟು ನೋಡಿರಿ, ಕೂದಲೆಳೆಯಷ್ಟು ಆಚೀಚೆ ಇರುವುದಿಲ್ಲ. ಹೇಳಿದ ದಿನ ಕೆಲಸ ಹಿಡಿಯುತ್ತೇನೆ, ಹೇಳಿದ ದಿನ ಮುಗಿಸುತ್ತೇನೆ. ಇದನ್ನು ನಾನೊಬ್ಬನೇ ಹೇಳಿಕೊಳ್ಳುವುದಲ್ಲ, ಸುರಪುರದ ಪ್ಯಾಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಆ ವರ್ಷ ಚಾಚಿಯ ಮಗ ಮೈಬು ಹೊಸ ಮನೆ ಕಟ್ಟಿಸಲು ನಿಂತ. ಅವನು ಸಾಮಾನು ಸಾಗಿಸುವ ಟಂಟಂ ಓಡಿಸುತ್ತಾನೆ. ಅವರ ಹಳೆಯ ಮನೆ ಹಾಸುಗಲ್ಲಿನ ಮಾಳಿಗೆಯದು, ಮಳೆ ಬಂದರೆ ಒಳಗೆ ಐದು ಕಡೆ ಬೋಗುಣಿ ಇಡಬೇಕು. ಇಬ್ಬರು ಹೆಣ್ಣುಮಕ್ಕಳು ದೊಡ್ಡವರಾಗುತ್ತಿದ್ದರು. ಮನೆ ಬೇಕೇ ಬೇಕಿತ್ತು. ಜಾಗವೆಂದರೆ ಹಿತ್ತಲೊಂದೇ, ಹಿತ್ತಲ ನಡುವೆ ಮಾವಿನ ಗಿಡ.

ಅದು ಅಂಥಿಂಥ ಮಾವಲ್ಲ. ಹಣ್ಣು ನೋಡಲು ಏನೂ ಅಲ್ಲ, ಗಾತ್ರದಲ್ಲಿ ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು, ಸಿಪ್ಪೆ ಹಣ್ಣಾದರೂ ಹಸಿರು. ಆದರೆ ತೊಟ್ಟು ಕಚ್ಚಿ ಉಗುಳಿ ಹೀರಿದರೆ ಬಡೇಸೋಪಿನ ವಾಸನೆ. ಯಾರೋ ಹಣ್ಣಿನೊಳಗೆ ಕೂತು ಬಡೇಸೋಪು ಅರೆದು ಹಾಕಿದ್ದಾರೆ ಅನ್ನಿಸಬೇಕು. ಎಲೆ ಹಿಸುಕಿದರೆ ಆ ವಾಸನೆ ಇಲ್ಲ, ಕಾಯಿಯಲ್ಲೂ ಇಲ್ಲ. ಹಣ್ಣಾದ ಮೇಲೆ ಮಾತ್ರ. ಬೇಸಿಗೆಯಲ್ಲಿ ನಮ್ಮ ಮನೆಯ ಅಂಗಳಕ್ಕೂ ಆ ವಾಸನೆ ಗೋಡೆ ದಾಟಿ ಬರುತ್ತಿತ್ತು. ನಾನು ಕಲ್ಲು ಹೊತ್ತು ಬಂದು ಹೊರಸಿನ ಮೇಲೆ ಬಿದ್ದುಕೊಂಡರೆ ಹಣೆಯ ಮೇಲೆ ಯಾರೋ ಕೈ ಇಟ್ಟ ಹಾಗೆ ಆಗುತ್ತಿತ್ತು.

ಮುಂಗಾರಿನ ಮೊದಲ ಮಳೆ, ಮಿರಗದ ಮಳೆ ಕೂಡುವ ಮೊದಲು ನಾನು ದಾರ ಹಿಡಿದು ಪಾಯದ ಗುರುತು ಹಾಕಲು ಹೋದೆ. ಸುಣ್ಣದ ಪುಡಿಯ ಗೆರೆ ನೇರವಾಗಿ ಗಿಡದ ಬೇರಿಗೆ ಹೋಗಿ ಮುಟ್ಟಿತು.

ಮೈಬು ತಲೆ ಕೆರೆದುಕೊಂಡ. "ಸಿದ್ದಣ್ಣ, ಒಂದೀಟು ಸರಿಸಿ ಹಾಕಾಕ ಬರ್ತದೇನು?"

"ಎಲ್ಲಿಗಿ ಸರಸ್ಲಿ? ಆಕಡಿ ನಮ್ಮ ಗ್ವಾಡಿ, ಈಕಡಿ ರಸ್ತಾ. ಇನ್ನೀಟು ಸರಿಸಿದ್ರ ನಿನ್ನ ಮನ್ಯಾಗ ನೀವು ಅಡ್ಡ ತಿರುಗಿ ನಡೀಬೇಕಾಗ್ತದ."

ಗಿಡದ ಬುಡದಲ್ಲಿ ಚಾಚಿ ಕೌದಿ ಹೊಲಿಯುತ್ತ ಕುಳಿತಿದ್ದಳು. ಹಳೆ ಸೀರೆ, ಲುಂಗಿ, ಅಂಗಿಯ ತುಂಡು ಕೂಡಿಸಿ ಆಕೆ ಹೊಲಿದ ಕೌದಿ ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಇದೆ. ಗೆರೆ ಆಕೆಯ ಕಾಲಿನ ಹತ್ತಿರ ಬಂದಾಗ ಕಾಲು ಹಿಂದಕ್ಕೆ ಎಳೆದುಕೊಂಡಳು, ತಲೆ ಎತ್ತಲಿಲ್ಲ.

"ಚೆಲ್ಲು ಬೇಟಾ, ಸುಣ್ಣಾ ಚೆಲ್ಲು," ಅಂದಳು. "ಗಿಡಕ್ಕೇನು ಓದಾಕ ಬರ್ತದ?"

ಅವತ್ತು ದಾರ ಸುತ್ತಿಟ್ಟು ಮನೆಗೆ ಬಂದೆ. ಸಂಜೆ ಮತ್ತೆ ಹೋದೆ. ಚಾಚಿ ಅಲ್ಲೇ ಇದ್ದಳು. ಆಕೆಯ ತಾಯಿ ತಿಂಥಣಿಗೆ ಹರಕೆ ತೀರಿಸಲು ಹೋದಾಗ ಹೊಳೆಯ ದಂಡೆಯಲ್ಲಿ ಯಾರೋ ಕೊಟ್ಟ ಹಣ್ಣು ತಿಂದು, ಅದರ ವಾಟೆಯನ್ನು ಸೆರಗಿಗೆ ಕಟ್ಟಿಕೊಂಡು ಬಂದು ಹಚ್ಚಿದ ಗಿಡವಂತೆ.

"ಹಂಗಾರ ಇದರ ವಾಟಿ ಒಂದು ಹಚ್ಚಿದ್ರಾತಲ್ಲ ಚಾಚಿ?"

"ಹಚ್ಚಿಲ್ಲಂತ ತಿಳದೀಯೇನು? ನಾಕು ಸಲ ಹಚ್ಚೀನಿ. ನಾಕೂ ಕಾಯಿ ಬಿಟ್ಟವು, ನಾಕೂ ಹುಳಿ. ಉಪ್ಪಿನಕಾಯಿಗೂ ಬ್ಯಾಡ ಅಂದ್ರು ಮಂದಿ. ಅವ್ವನ ವಾಸನಿ ಮಗಳಿಗಿ ಬರಲಿಲ್ಲ ನೋಡು."

ಆಗ ನನ್ನ ಬಾಯಿಂದ ಆ ಮಾತು ಹೊರಬಿತ್ತು. "ಪಂಚಮಿ ಆದ ಮ್ಯಾಲಿನ ಶುಕ್ರವಾರ ಪಾಯಾ ತೆಗಿಯೋದದ. ಅಷ್ಟರಾಗ ಇದರದ್ದೇ ಒಂದು ಸಸಿ ಕಟ್ಟಿ ಕೊಡ್ತೀನಿ ನಿನಗ. ಇದೇ ಹಣ್ಣು, ಇದೇ ವಾಸನಿ."

"ನೀ? ಕಲ್ಲು ಕಟ್ಟಾವ?"

"ಕಲ್ಲು ಕಟ್ಟಿದ ಕೈಗೆ ಕಡ್ಡಿ ಕಟ್ಟೋದು ದೊಡ್ಡದೇನು?"

ನನಗೆ ಅಷ್ಟು ಧೈರ್ಯ ಬಂದದ್ದಕ್ಕೆ ಕಾರಣವಿತ್ತು. ಹರೆಯದಲ್ಲಿ ತಿಂಥಣಿಯ ದಾರಿಯ ಒಂದು ಹಣ್ಣಿನ ತೋಟಕ್ಕೆ ಸುತ್ತುಗೋಡೆ ಕಟ್ಟಲು ಹೋಗಿದ್ದೆ. ಅಲ್ಲಿಯ ತೋಟದ ಮುದುಕ ಕುಂಡದಲ್ಲಿ ಬೆಳೆದ ಸಣ್ಣ ಸಸಿಗಳನ್ನು ದೊಡ್ಡ ಗಿಡದ ಮೇಲೆ ಏರಿಸಿ, ಟೊಂಗೆಗೆ ಸೇರಿಸಿ ಕಸಿ ಕಟ್ಟುತ್ತಿದ್ದ. ಎರಡರ ಸಿಪ್ಪೆಯನ್ನೂ ಹೆಬ್ಬೆರಳಿನಷ್ಟು ಉದ್ದ ಕೆತ್ತಿ, ಗಾಯಕ್ಕೆ ಗಾಯ ಕೂಡಿಸಿ ಬಿಗಿಯುವುದು. ಎರಡೂ ಒಂದಾದ ಮೇಲೆ ಟೊಂಗೆಯನ್ನು ಗಂಟಿನ ಕೆಳಗೆ, ಸಸಿಯ ತಲೆಯನ್ನು ಗಂಟಿನ ಮೇಲೆ ಕತ್ತರಿಸುವುದು. ಬೇರು ಸಸಿಯದು, ಮೈ ದೊಡ್ಡ ಗಿಡದ್ದು. ಕತ್ತರಿಸುವವರೆಗೆ ಕೂಸು ತಾಯಿಯ ಮೊಲೆ ಬಿಡುವುದಿಲ್ಲ. ಟೊಂಗೆಯ ಕಡ್ಡಿ ಕತ್ತರಿಸಿ ತಂದು ಕಟ್ಟುವ ರೀತಿಯೂ ಇದೆಯಂತೆ. ನಾನು ಕಂಡದ್ದು ಇದೊಂದೇ. ಒಂದು ತಿಂಗಳು ಗೋಡೆಯ ಮೇಲೆ ನಿಂತು ನೋಡಿದ್ದೆ. ಕಣ್ಣು ಕಂಡದ್ದನ್ನು ಕೈ ಮಾಡಿಯೇ ಮಾಡುತ್ತದೆ ಎಂಬುದು ನನ್ನ ಲೆಕ್ಕ. ಶಾಲೆ ಬಿಟ್ಟವನಿಗೆ ಇರುವ ಪಾಠಶಾಲೆ ಅದೇ ತಾನೇ.

ಚಾಚಿಯ ಬಚ್ಚಲ ನೀರು ಹರಿಯುವಲ್ಲಿ ಹಿಂದಿನ ವರ್ಷ ಒಗೆದ ವಾಟೆಗಳು ಮೊಳೆತು ಬೆರಳು ದಪ್ಪದ ಮೂರು ಸಸಿಗಳಾಗಿದ್ದವು. ಮಿರಗದ ಮಳೆ ಬಿದ್ದ ಮರುದಿನ ಅವನ್ನು ಎಬ್ಬಿಸಿ, ಬಣ್ಣದ ಹಳೆ ಡಬ್ಬಿಗಳಿಗೆ ತೂತು ಹೊಡೆದು ಹಚ್ಚಿದೆ. ಅವು ಬೇರು ಹಿಡಿದು ಚಿಗುರುವವರೆಗೆ ಕಾದು, ಗಿಡದ ಸುತ್ತ ಗಳ ನಿಲ್ಲಿಸಿ, ಹಲಗೆ ಹಾಕಿ ಅಟ್ಟ ಕಟ್ಟಿದೆ. ಗೌಂಡಿ ಕಟ್ಟಿದ ಅಟ್ಟ, ಆನೆ ನಿಂತರೂ ಅಲುಗಾಡುತ್ತಿರಲಿಲ್ಲ.

ಓಣಿಯವರಿಗೆ ನಗೆಯೋ ನಗೆ. "ಏನ್ ಸಿದ್ದಪ್ಪ, ಮಾವಿನ ಗಿಡಕ್ಕ ಸ್ಲ್ಯಾಬ್ ಹಾಕಾಕತ್ತೀಯೇನು?" ಎಂದು ಒಬ್ಬ. "ಹಣ್ಣಿಗಿ ಗಿಲಾವು ಮಾಡ್ತಾನ ಬಿಡು," ಎಂದು ಇನ್ನೊಬ್ಬ.

ಹೊಸ ಬ್ಲೇಡಿನಿಂದ ಸಿಪ್ಪೆ ಕೆತ್ತಿದೆ. ಒಳಗಿನ ಮೈ ಬೆಣ್ಣೆಯ ಹಾಗೆ ತಣ್ಣಗೆ ಬೆಳ್ಳಗೆ ಇತ್ತು. ಮೂರು ಸಸಿಗಳನ್ನು ಮೂರು ಟೊಂಗೆಗೆ ಕಟ್ಟಿದೆ. ಎರಡು ನನ್ನ ಎದೆಯ ಎತ್ತರಕ್ಕೆ, ಒಂದು ಮೇಲೆ, ಕೈ ಚಾಚಿದರೆ ಅಷ್ಟೇ ನಿಲುಕುವಷ್ಟು.

ಆ ದಿನಗಳು ಈಗ ಬಸ್ಸಿನ ಕಿಟಕಿಯಲ್ಲಿ ಒಂದೊಂದಾಗಿ ತೇಲಿ ಬರುತ್ತಿದ್ದವು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಟ್ಟ ಏರಿ ಕುಳಿತರೆ ಇಳಿಯುವ ಮನಸ್ಸೇ ಆಗುತ್ತಿರಲಿಲ್ಲ. ನಮ್ಮ ಕಡೆಯ ಮಳೆ ಸುರಿಯುವ ಮಳೆಯಲ್ಲ, ಜಿನುಗುವ ಮಳೆ. ಸುರಪುರದ ಗುಡ್ಡದ ಬಂಡೆಗಳು ಒದ್ದೆಯಾಗಿ ಎಮ್ಮೆಗಳ ಹಾಗೆ ಮಿಂಚುತ್ತಿದ್ದವು. ಎಲೆಯಿಂದ ಎಲೆಗೆ ಹನಿ ಇಳಿದು ನನ್ನ ಕಿವಿಯ ಹಿಂದೆ ಬೀಳುತ್ತಿತ್ತು. ಕೆಳಗೆ ಚಾಚಿಯ ಒಲೆಯ ಹೊಗೆ ಮೇಲೇಳಲಾಗದೆ ಗಿಡದಲ್ಲೇ ಸುತ್ತಾಡುತ್ತಿತ್ತು. ಜೀವಮಾನವಿಡೀ ಅಟ್ಟದ ಮೇಲೆ ನಿಂತು ಗೋಡೆ ನೋಡಿದವನು ಮೊದಲ ಸಲ ಅಟ್ಟದ ಮೇಲೆ ಕೂತು ಏನನ್ನೂ ಕಟ್ಟದೆ ಇದ್ದೆ. ಎರಡು ಗಾಯಗಳು ಆ ದಾರದೊಳಗೆ ಒಂದಕ್ಕೊಂದು ಏನು ಮಾತಾಡುತ್ತಿರಬಹುದು ಎಂದು ಯೋಚಿಸುತ್ತ ಕೂತರೆ ಕೆಳಗಿನ ಲೋಕ ದೂರವಾಗುತ್ತಿತ್ತು.

"ನಿದ್ದಿ ಹತ್ತಿದ್ರ ಕೆಳಗ ಬಂದು ಮಲ್ಕೊ ಬೇಟಾ," ಚಾಚಿ ಕೂಗುತ್ತಿದ್ದಳು. "ಬಿದ್ರ ನನ್ನ ಕೌದಿ ಮ್ಯಾಲೆ ಬೀಳ್ತಿ, ಎರಡು ತಿಂಗಳ ಕೆಲಸ ಹಾಳಾಗ್ತದ."

ಅಲ್ಲೇ ನಾನು ತಪ್ಪಿದ್ದು. ಗೌಂಡಿಗೆ ಗೊತ್ತಿರುವುದು ಒಂದು: ಕೂಡಿಸಿದ್ದು ಗಟ್ಟಿಯಾಗಬೇಕಾದರೆ ನೀರು ಕುಡಿಸಬೇಕು. ಹೊಸ ಕಂಬಕ್ಕೆ ಗೋಣಿತಟ್ಟು ಸುತ್ತಿ ಮುಂಜಾನೆ ಸಂಜೆ ನೀರು ಹಾಕಿದರೆ ಅದು ಕಬ್ಬಿಣವಾಗುತ್ತದೆ. ನಾನು ಆ ಮೂರು ಗಂಟುಗಳಿಗೂ ಹಾಗೆಯೇ ಗೋಣಿ ಸುತ್ತಿದೆ. ಮಳೆ ಇರಲಿ ಬಿಡಲಿ, ದಿನಕ್ಕೆರಡು ಸಲ ತಂಬಿಗೆಯಿಂದ ಗಂಟಿನ ಮೇಲೆ ನೀರು. ತೋಟದ ಮುದುಕನೂ ನೀರು ಹಾಕುತ್ತಿದ್ದನಲ್ಲ! ಗೋಡೆಯ ಮೇಲಿಂದ ಕಂಡದ್ದು ಅಷ್ಟೇ. ಅವನು ಹಾಕುತ್ತಿದ್ದದ್ದು ಕುಂಡದ ಮಣ್ಣಿಗೆ, ಗಂಟಿಗಲ್ಲ ಎಂಬುದು ಆ ದೂರದಿಂದ ತಿಳಿದಿರಲಿಲ್ಲ.

ಪುಷ್ಯ ಮಳೆ ಹಿಡಿದಾಗ ಮೊದಲ ಸಸಿಯ ಎಲೆ ಬಾಗಿತು. ಗೋಣಿ ಬಿಚ್ಚಿದರೆ ಒಳಗೆಲ್ಲ ಕರ್ರಗೆ, ಮುಟ್ಟಿದರೆ ಲೋಳೆ. ಎರಡನೆಯದೂ ಹಾಗೆಯೇ. ಬೆರಳಿಗೆ ಹತ್ತಿದ ಲೋಳೆಯನ್ನು ಹಲಗೆಗೆ ಒರೆಸಿದೆ. ಕೆಳಗೆ ಚಾಚಿ ಹೊಲಿಗೆ ನಿಲ್ಲಿಸಿದ್ದಳು.

"ಏನಾತು? ಮಾತಾಡು."

"ಕೊಳತಾವ ಚಾಚಿ. ಎರಡೂ."

"ಮೂರನೇದು?"

ಮೂರನೆಯದರ ಗೋಣಿ ಗಾಳಿಗೆ ಯಾವಾಗಲೋ ಹಾರಿ ಹೋಗಿತ್ತು. ತಂಬಿಗೆ ಅಲ್ಲಿಗೆ ಸರಿಯಾಗಿ ನಿಲುಕುತ್ತಲೂ ಇರಲಿಲ್ಲ; ನಾಳೆ ನೋಡೋಣ ಎಂದು ಬಿಟ್ಟಿದ್ದೆ. ಅದರ ಎಲೆ ಹಸಿರಾಗಿಯೇ ಇತ್ತು. ಆದರೆ ದಾರ ಸಡಿಲಾಗಿ ಎರಡು ಮೈ ಬಿಟ್ಟುಕೊಂಡಿದ್ದವು, ನಡುವೆ ಬೆಳಕು ಕಾಣುತ್ತಿತ್ತು.

"ನೀ ನೋಡಿಕೊಂಡವು ಸತ್ತವು, ನೀ ಮರತದ್ದು ಬದುಕ್ಯದ," ಅಂದಳು ಚಾಚಿ. ನನಗೆ ಆ ಮಾತು ಕರಣಿಯಿಂದ ಕೆತ್ತಿದ ಹಾಗೆ ಆಯಿತು. ಆಕೆ ಕೌದಿ ಪಕ್ಕಕ್ಕಿಟ್ಟು, ಸೀರೆ ಎತ್ತಿ ಕಟ್ಟಿ, ನಿಚ್ಚಣಿಕೆ ಏರಿ ಅಟ್ಟಕ್ಕೆ ಬಂದೇಬಿಟ್ಟಳು. ನಾನು ಬೇಡ ಬೇಡ ಅಂದರೂ ಕೇಳಲಿಲ್ಲ. "ಸರಿ ಆಕಡಿ. ಎರಡು ಅಂಚು ಕೂಡಿಸೋದು ನಾ ನಿನಗಿಂತ ಜಾಸ್ತಿ ಮಾಡೀನಿ. ಗಾಯಕ್ಕ ಯಾರಾದ್ರೂ ನೀರು ಹೊಯ್ತಾರೇನು? ಒಣಗಿದ್ದು ಕೂಡ್ತದ, ನೆನದದ್ದು ಕೊಳಿತದ. ಮತ್ತೊಂದು ಸಲ ಕೆತ್ತು."

ನಾನು ಟೊಂಗೆಯನ್ನು ಡಬ್ಬಿ ಸಮೇತ ಕೆಳಗೆ ಬಗ್ಗಿಸಿಕೊಂಡು ಹೊಸದಾಗಿ ಕೆತ್ತಿದೆ. ಆಕೆ ಎರಡು ಮೈಗಳನ್ನು ಬೆರಳಿನಿಂದ ಒತ್ತಿ, ಎಳೆಯಷ್ಟೂ ಸಂದು ಇಲ್ಲದ ಹಾಗೆ ಕೂಡಿಸಿ, ಕೌದಿಯ ಚೀಲದಿಂದ ಹಳೆ ಸೀರೆಯ ಅಂಚಿನ ಪಟ್ಟಿ ತೆಗೆದು, ಸುತ್ತಿನ ಮೇಲೆ ಸುತ್ತು ಹಾಕಿದಳು. ಅದರ ಮೇಲೆ ಮಳೆ ನೀರು ಇಳಿಯದಂತೆ ನಾನು ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ಆ ಪಟ್ಟಿ ಕೆಂಪು ಅಂಚಿನದು. ಹಸಿರು ಎಲೆಗಳ ನಡುವೆ ಮಂಜಿನಲ್ಲಿ ಅದೊಂದೇ ಕೆಂಪಗೆ ಕಾಣುತ್ತಿತ್ತು, ಯಾವುದೋ ಹಕ್ಕಿ ಬಂದು ಕೂತು ಮರೆತು ಹೋದ ಹಾಗೆ.

ಆದರೆ ದಿನ ಮತ್ತೆ ಒಂದರಿಂದ ಶುರುವಾಯಿತು. ಪಂಚಮಿ ಬಂತು, ಹೋಯಿತು. ಶುಕ್ರವಾರಕ್ಕೆ ಮೈಬು ಉಸುಕು, ಕಲ್ಲು ಎಲ್ಲ ತನ್ನ ಟಂಟಂನಲ್ಲೇ ತಂದು ಸುರಿದಿದ್ದ. ಗಂಟು ಇನ್ನೂ ಎಳೆಯದು. ಆಗ ಬಿಡಿಸಿದರೆ ಸಸಿ ಉಳಿಯುತ್ತಿರಲಿಲ್ಲ. ಕಡಿಮೆಯೆಂದರೂ ಇನ್ನೂ ಒಂದು ತಿಂಗಳು ಬೇಕಿತ್ತು. ಮೈಬುಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು. ಆದರೆ ನಾನು ಕಟ್ಟಿದ್ದು ಕೊಳೆಯಿತು, ಅದಕ್ಕೆ ತಡ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಹೇಳಿದ ದಿನಕ್ಕೆ ಕೆಲಸ ಹಿಡಿಯುವ ಗೌಂಡಿ ಜೀವನದಲ್ಲಿ ಮೊದಲ ಸಲ ಸುಳ್ಳು ಹುಡುಕಿದ.

"ಮೈಬು, ಮಣ್ಣು ಭಾಳ ಹಸಿ ಅದ," ಅಂದೆ. "ಈಗ ಪಾಯಾ ತಗದ್ರ ಕುಸೀತದ. ಒಂದು ತಿಂಗಳು ತಡಿ."

ಮಳೆ ನಿಂತು ಹತ್ತು ದಿನವಾಗಿತ್ತು. ಬಿಸಿಲು ಚುರ್ ಅನ್ನುತ್ತಿತ್ತು. ಮೈಬು ನನ್ನ ಮುಖ ನೋಡಿದ, ಗಿಡದ ಬುಡದಲ್ಲಿ ಕೌದಿ ಹೊಲಿಯುತ್ತಿದ್ದ ತಾಯಿಯನ್ನು ನೋಡಿದ, ಮೇಲೆ ಕೆಂಪು ಪಟ್ಟಿ ನೋಡಿದ. ಬಾಗಿ ಮಣ್ಣಿನ ಒಂದು ಹೆಂಟೆ ಎತ್ತಿಕೊಂಡು ಅಂಗೈಯಲ್ಲಿ ಹಿಸುಕಿದ. ಅದು ಪುಡಿಪುಡಿಯಾಗಿ ಬೆರಳ ಸಂದಿನಿಂದ ಧೂಳಾಗಿ ಹಾರಿಹೋಯಿತು. ಅವನು ಕೈ ಝಾಡಿಸಿಕೊಂಡ.

"ಹೌದಣ್ಣ," ಅಂದ. "ಭಾಳ ಹಸಿ ಅದ."

ಟಂಟಂ ಹತ್ತಿ ಹೋದ. ಆ ತಿಂಗಳು ಪೂರ್ತಿ ಅವನ ಮನೆಯಲ್ಲಿ ಬೋಗುಣಿಗಳಿಗೆ ಕೆಲಸವಿತ್ತು, ಯಾಕೆಂದರೆ ಮರುವಾರವೇ ಮಳೆ ತಿರುಗಿ ಬಂತು. ಒಳಗೆ ಟಪ್ ಟಪ್ ಸದ್ದು, ಹೊರಗೆ ಗಿಡದ ಮೇಲೆ ನಾನು. ಊರಲ್ಲಿ ಸಿದ್ದಪ್ಪ ಮಾತು ತಪ್ಪಿದ ಎಂದು ಸುದ್ದಿಯಾಯಿತು. ನೀಲವ್ವ ರೊಟ್ಟಿ ಬಡಿಯುತ್ತ, "ಗೌಂಡಿ ಹೋಗಿ ಮಾಳಿ ಆದ್ರಿ. ಇನ್ನ ಮ್ಯಾಲ ಗ್ವಾಡಿಗೂ ಹೂ ಬಿಡಿಸ್ರಿ," ಎಂದು ಚುಚ್ಚಿದಳು.

ಉತ್ತರೆಯ ಮಳೆಯ ಹೊತ್ತಿಗೆ ಪಟ್ಟಿಯ ಕೆಳಗೆ ಗಂಟು ಊದಿ ಗಟ್ಟಿಯಾಯಿತು. ಮೊದಲು ಟೊಂಗೆಗೆ ಒಂದು ಕಚ್ಚು ಹಾಕಿದೆ. ನಾಲ್ಕು ದಿನ ಬಿಟ್ಟು ಅರ್ಧ. ಮತ್ತೆ ನಾಲ್ಕು ದಿನ ಬಿಟ್ಟು ಪೂರ್ತಿ. ಡಬ್ಬಿಯನ್ನು ಎದೆಗವಚಿ ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ನಿಚ್ಚಣಿಕೆ ಇಳಿದೆ. ನಾಲ್ಕು ಅಂತಸ್ತಿನ ಮೇಲೂ ಹಾಗೆ ತಡವಿದವನಲ್ಲ ನಾನು.

ಗಿಡ ಕಡಿಯುವವರು ಬಂದ ದಿನ ಚಾಚಿ ನಮ್ಮ ಹಿತ್ತಲಿಗೆ ಬಂದು, ಗೋಡೆಗೆ ಬೆನ್ನು ಮಾಡಿ, ಡಬ್ಬಿಯನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಕೌದಿ ಹೊಲಿದಳು. ಕೊಡಲಿಯ ಪ್ರತಿ ಏಟಿಗೂ ಸೂಜಿ ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು. ಗಿಡ ಉರುಳಿದಾಗ ಇಡೀ ಓಣಿಯ ಬೆಳಕು ಬದಲಾಯಿತು. ಆಕೆ ತಿರುಗಿ ನೋಡಲಿಲ್ಲ.

"ಎಲ್ಲಿ ಹಚ್ಚಲಿ ಇದನ್ನ?" ಕೇಳಿದೆ.

"ನಿನ್ನ ಹಿತ್ತಲದಾಗೇ ಹಚ್ಚು. ನಮ್ಮ ಮನ್ಯಾಗ ಇನ್ನ ಮಣ್ಣೆಲ್ಲಿ ಉಳೀತದ?"

ಹಾಗೆಯೇ ಹಚ್ಚಿದೆ. ಮೈಬುವಿನ ಮನೆ ಏಳುತ್ತಿದ್ದಾಗ ಒಂದು ದಿನ ಸುತ್ತಿಗೆ ತೆಗೆದುಕೊಂಡು ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಬ್ಬರು ಬಾಗಿ ದಾಟುವಷ್ಟು ಬಾಗಿಲು ಒಡೆದೆ. ನಾನೇ ಕಟ್ಟಿದ ಗೋಡೆಯನ್ನು ನಾನೇ ಒಡೆದದ್ದು ಅದೊಂದೇ ಸಲ. ಚಾಚಿ ದಿನಾ ಅದರಲ್ಲಿ ದಾಟಿ ಬಂದು ಗಿಡದ ಹತ್ತಿರ ಕೂರುತ್ತಿದ್ದಳು.

ಎರಡನೇ ವರ್ಷ ನಾನು ಊರಲ್ಲಿ ಇಲ್ಲದಾಗ ಆಡು ನುಗ್ಗಿ ಗಿಡವನ್ನು ಗೇಣುದ್ದ ಬಿಟ್ಟು ತಿಂದು ಹಾಕಿತು. ಮತ್ತೆ ಚಿಗುರಿದ್ದು ಗಂಟಿನ ಹತ್ತಿರವೇ. ಗಂಟಿನ ಮೇಲಿನಿಂದ ಬಂದಿದ್ದರೆ ಬಡೇಸೋಪಿನ ಮಾವು, ಕೆಳಗಿನಿಂದ ಬಂದಿದ್ದರೆ ಆ ಬಚ್ಚಲ ಬದಿಯ ಹುಳಿ ವಾಟೆಯ ಗಿಡ. ನಾನು ಬಂದು ನೋಡುವಷ್ಟರಲ್ಲಿ ತೊಗಟೆ ಕೂಡಿಕೊಂಡು ಗುರುತು ಅಳಿಸಿತ್ತು. ನೀಲವ್ವ ಮೇಲಿನಿಂದಲೇ ಬಂದದ ಅಂದಳು. ಆಕೆ ನನ್ನ ಸಮಾಧಾನಕ್ಕೆ ಏನನ್ನೂ ಹೇಳುವವಳು. ನಾಲ್ಕು ವರ್ಷ ನಾನು ಆ ಗಿಡಕ್ಕೆ ನೀರು ಹಾಕಿದ್ದು ಅದು ಯಾರ ಮಗಳೆಂದು ತಿಳಿಯದೆಯೇ.

ರಂಗಂಪೇಟೆಯಲ್ಲಿ ಇಳಿದು ದಾಪುಗಾಲು ಹಾಕಿದೆ. ಹಿತ್ತಲಲ್ಲಿ ಚಾಚಿ ಗೋಡೆಯ ಬಾಗಿಲಿನ ಹೊಸ್ತಿಲ ಮೇಲೆ ಕೂತಿದ್ದಳು. ಉಡಿಯಿಂದ ಹಣ್ಣು ತೆಗೆದು ಕೊಟ್ಟಳು. ಸಣ್ಣದು, ಹಸಿರು ಸಿಪ್ಪೆಯದು. ಆದರೆ ಸಣ್ಣ ಹಸಿರು ಹಣ್ಣು ಯಾವ ಕಾಡುಮಾವಿನದ್ದೂ ಇರಬಹುದು. ಮೂಗಿಗೆ ಹಿಡಿದೆ. ಬಡೇಸೋಪು! ಹೇಳಲು ಬಾಯಿ ತೆರೆದೆ.

ನೀಲವ್ವ ಹಣೆ ಬಡಿದುಕೊಂಡಳು. "ಅಯ್ಯ, ಬಾಯಾಗ ಬಡೇಸೋಪು ಹಾಕ್ಕೊಂಡು ಬಂದಾರ! ಗಮ್ಮಂತ ನನಗೇ ಹೊಡಿಯಾಕತ್ತದ. ಇವರ್ನ ಹಣ್ಣು ಮೂಸಾಕ ಕರದ್ರ!"

ಚಾಚಿ ಬೊಚ್ಚು ಬಾಯಿ ತೆರೆದು ನಕ್ಕಳು. ನಾನು ಕಳ್ಳನ ಹಾಗೆ ನೀರಿನ ತೊಟ್ಟಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ಒಂದು ಸಲ, ಎರಡು ಸಲ, ಬೇವಿನ ಎಲೆ ಜಗಿದು ಮೂರನೇ ಸಲ. ಕೈ ತೊಳೆದೆ, ಮೀಸೆ ತೊಳೆದೆ. ಬಂದು ಗಿಡದ ನೆರಳಲ್ಲಿ ಕುಳಿತು ಹಣ್ಣು ಹಿಡಿದೆ. ಬಾಯೆಲ್ಲ ಕಹಿ. ಮೊದಲು ಸೊನೆಯ ಕಟು ವಾಸನೆ ಬಂತು. ಆಮೇಲೆ ಬಿಸಿಲಿನದು, ಮಣ್ಣಿನದು. ಕಣ್ಣು ಮುಚ್ಚಿ ಕಾದೆ. ಎಲ್ಲೋ ಎಲೆಯಿಂದ ಎಲೆಗೆ ಹನಿ ಇಳಿಯುವ ಸದ್ದು ಕೇಳಿದ ಹಾಗಾಯಿತು. ಅದರ ಹಿಂದೆಯೇ, ತೊಟ್ಟಿನ ಕುಳಿಯಿಂದ, ಸಣ್ಣಗೆ, ತಣ್ಣಗೆ, ಅದು ಬಂತು. ಹಣೆಯ ಮೇಲೆ ಕೈ ಇಟ್ಟ ಹಾಗೆ.

"ಅದ ಚಾಚಿ," ಅಂದೆ.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. "ಖರೇ ಹೇಳು ಬೇಟಾ. ಮಣ್ಣು ಹಸಿ ಅದ ಅಂತ ಹೇಳಿದ್ದಿಯಲ್ಲ, ಹಂಗ ಹೇಳಬ್ಯಾಡ."

ನಾನು ತಲೆ ತಗ್ಗಿಸಿದೆ. ಆರು ವರ್ಷ ಆಕೆ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

"ಖರೇನ ಅದ ಚಾಚಿ. ಇದು ಹಸಿ ಮಣ್ಣಲ್ಲ."

ಚಾಚಿ ಹಣ್ಣನ್ನು ಹಿಂದಕ್ಕೆ ಇಸಿದುಕೊಂಡಳು. ಏನೂ ತಿಳಿಯದ ಆ ಮೂಗಿಗೆ ಅದನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ಉಸಿರು ಎಳೆದುಕೊಂಡಳು. ಆಮೇಲೆ ನೀಲವ್ವನ ಕಡೆಗೆ ಚಾಚಿದಳು.

"ಕೊಯ್ಯವ್ವಾ. ಮೊದಲನೇ ಹೋಳು ಮೈಬುಗ ತಗದಿಡು. ಹೆಂಟಿ ಹಿಸುಕಿ ಹಸಿ ಅದ ಅಂದಾವ ಅವನೇ."